ಅಮೆರಿಕದ ಇತಿಹಾಸದ ಅಸೈನ್‌ಮೆಂಟು: ಈ ಕಾಲಹರಣ ಸಾಕು



ಬಿ.ಎ. ಇತಿಹಾಸದ ವಿದ್ಯಾರ್ಥಿಗಳಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ ಎಂಬ ಒಂದು ಪತ್ರಿಕೆ ಇರುತ್ತದೆ. ಅದರ ಆಂತರಿಕ ಅಂಕಗಳಿಗಾಗಿ ಒಂದೆರಡು ಅಸೈನ್‌ಮೆಂಟು, ಒಂದು ಪ್ರಾಜೆಕ್ಟು. ನಮ್ಮ ಕನ್ನಡ ಶಾಲೆಗಳಿಂದ ಹೋಗಿ ಕಾಲೇಜು ಸೇರಿದ ಮಕ್ಕಳು ಆ ಶೀರ್ಷಿಕೆಗಳನ್ನು ಹಿಡಿದುಕೊಂಡು ಹಳೆಯ ಮಾಸ್ತರರ ಮನೆಗೆ ಬರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿಯೇ. ಶೀರ್ಷಿಕೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ‘ಸ್ವಾತಂತ್ರ್ಯ ಯುದ್ಧದ ಕಾರಣಗಳು ಮತ್ತು ಪರಿಣಾಮಗಳು’. ‘ಅಬ್ರಹಾಂ ಲಿಂಕನ್ನರ ಸಾಧನೆಗಳು’. ‘ಮನ್ರೋ ತತ್ವ: ಒಂದು ಅಧ್ಯಯನ’. ಹತ್ತು ಪುಟ, ಹೊರಗೆ ಬಣ್ಣದ ರಕ್ಷಾಪುಟ, ಒಳಗೆ ಗೈಡಿನ ನಕಲು. ಹಿಂದೆ ಜೆರಾಕ್ಸ್ ಅಂಗಡಿಯವರು ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ಕೈಯಲ್ಲಿರುವ ಮೊಬೈಲೇ ಅರೆ ನಿಮಿಷದಲ್ಲಿ ಮಾಡಿಕೊಡುತ್ತದೆ. ಅಧ್ಯಾಪಕರು ರಕ್ಷಾಪುಟ ತಿರುವಿ ಅಂಕ ಹಾಕುತ್ತಾರೆ. ವರ್ಷದ ಕೊನೆಗೆ ಆ ಕಟ್ಟುಗಳೆಲ್ಲ ರದ್ದಿಗೆ ಹೋಗುತ್ತವೆ.

ಇದರಲ್ಲಿ ನಕಲು ಚಿಕ್ಕ ದೋಷ. ದೊಡ್ಡ ದೋಷ ಬೇರೆ ಇದೆ. ಪದವಿ ತರಗತಿಯ ಪತ್ರಿಕೆಗಳಲ್ಲೆಲ್ಲ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಹೆಚ್ಚಿನ ಉಪಯೋಗಕ್ಕೆ ಬರಬಲ್ಲ ಪತ್ರಿಕೆ ಇದೇ. ಅದನ್ನೇ ನಾವು ಹೀಗೆ ಹಾಳುಮಾಡುತ್ತಿದ್ದೇವೆ. ಅಮೆರಿಕದ ಇತಿಹಾಸವೆಂದರೆ ವಾಷಿಂಗ್ಟನ್, ಲಿಂಕನ್, ಎರಡು ಮಹಾಯುದ್ಧಗಳು ಇಷ್ಟೇ ಎಂದು ತಿಳಿದವರಿಗೆ ಈ ಮಾತು ವಿಚಿತ್ರವೆನಿಸಬಹುದು. ಆದರೆ ಮಗು ಯಾವ ಭಾಷೆಯಲ್ಲಿ ಕಲಿಯಬೇಕು, ಅದನ್ನು ತೀರ್ಮಾನಿಸುವವರು ತಂದೆತಾಯಿಯೋ ಸರ್ಕಾರವೋ ಎಂಬ ಜಗಳ ಆ ದೇಶದಲ್ಲಿ ನೂರೈವತ್ತು ವರ್ಷಕ್ಕೂ ಮೀರಿ ನಡೆದಿದೆ. ಕಾಯ್ದೆಗಳಾಗಿವೆ, ಚುನಾವಣೆಗಳಲ್ಲಿ ಸರ್ಕಾರಗಳು ಬಿದ್ದಿವೆ, ಸುಪ್ರೀಂ ಕೋರ್ಟಿನ ತೀರ್ಪುಗಳು ಬಂದಿವೆ. ಅದರ ಒಂದು ಸಾಲೂ ನಮ್ಮ ಮಕ್ಕಳ ಅಸೈನ್‌ಮೆಂಟಿನಲ್ಲಿ ಬರುವುದಿಲ್ಲ!

ಹೈಸ್ಕೂಲು ಮಾಸ್ತರರಿಗೆ ಕಾಲೇಜಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಕೇಳಲಿ. ಬಿ.ಎಡ್. ಮಾಡುವಾಗ ನಮ್ಮಿಂದ ದಿಸ್ತೆಗಟ್ಟಲೆ ಪಾಠ ಯೋಜನೆ ಬರೆಸಿದರು. ನಲವತ್ತು ನಿಮಿಷದ ಪಾಠಕ್ಕೆ ಉದ್ದೇಶವೇನು, ಮಗುವಿಗೆ ಮೊದಲೇ ತಿಳಿದಿರುವುದೇನು, ಪಾಠ ಮುಗಿದ ಮೇಲೆ ಅದು ಹೊಸದಾಗಿ ಏನನ್ನು ಮಾಡಬಲ್ಲದು, ಅದನ್ನು ಅಳೆಯುವುದು ಹೇಗೆ, ಎಲ್ಲಕ್ಕೂ ಒಂದೊಂದು ಕಾಲಂ. ಆಗ ಬೇಸರವಾಗುತ್ತಿತ್ತು, ನಿಜ. ಆದರೆ ಎಂಟನೆಯ ತರಗತಿಯ ಒಂದು ಪೀರಿಯಡ್ಡಿಗೆ ಇಷ್ಟು ಯೋಜನೆ ಬೇಕಾದರೆ, ಪದವಿಯ ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಒಂದು ಸಾಲಿನ ಯೋಜನೆಯೂ ಬೇಡವೇ? ಶೀರ್ಷಿಕೆಯ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಅಂಟಿಸಿದರೆ ಯೋಜನೆ ಆಯಿತೇ?

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇನೆ. ತಾವು ಸಾವಧಾನದಿಂದ ಓದಬೇಕು.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಆ ಹೊತ್ತಿಗೆ ಅಮೆರಿಕದ ನಡುನಾಡಿನಲ್ಲಿ ಜರ್ಮನ್ ಮಾತಾಡುವ ಲಕ್ಷಾಂತರ ರೈತರು, ಕಸುಬುದಾರರು ನೆಲೆಸಿದ್ದರು. ಅವರದೇ ಚರ್ಚು, ಅವರದೇ ಪತ್ರಿಕೆ, ಅವರದೇ ಶಾಲೆ. ಓಹಿಯೋ ರಾಜ್ಯವಂತೂ 1839ರಷ್ಟು ಹಿಂದೆಯೇ ಜರ್ಮನ್ ಕಲಿಕೆಗೆ ಕಾಯ್ದೆಯ ಅನುಮತಿ ಕೊಟ್ಟಿತ್ತು. ಯುದ್ಧ ಬಂದದ್ದೇ ತಡ, ಆ ಭಾಷೆ ದ್ರೋಹದ ಗುರುತಾಯಿತು. 1918ರ ಏಪ್ರಿಲ್ 5ರಂದು ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ವಲಸಿಗನನ್ನು ಗುಂಪೊಂದು ಮರಕ್ಕೆ ನೇಣುಹಾಕಿ ಕೊಂದಿತು. ಮರುತಿಂಗಳು ಐಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್, ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಕೊನೆಗೆ ಚರ್ಚಿನಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು ಘೋಷಣೆ ಹೊರಡಿಸಿದ. ಹೋಟೆಲುಗಳಲ್ಲಿ ಜರ್ಮನ್ ಹೆಸರಿನ ಕೋಸಿನ ಉಪ್ಪಿನಕಾಯಿ ‘ಸ್ವಾತಂತ್ರ್ಯದ ಕೋಸು’ ಆಯಿತು. ನಗು ಬರುತ್ತದೆ, ಆದರೆ ನಗುವಂಥ ಕಾಲ ಅದಲ್ಲ.

1919ರಲ್ಲಿ ನೆಬ್ರಾಸ್ಕ ರಾಜ್ಯ ಒಂದು ಕಾಯ್ದೆ ಮಾಡಿತು. ಸರ್ಕಾರಿ ಶಾಲೆಯಿರಲಿ ಖಾಸಗಿ ಶಾಲೆಯಿರಲಿ, ಇಂಗ್ಲಿಷಿನ ಹೊರತು ಬೇರೆ ಭಾಷೆಯಲ್ಲಿ ಯಾವ ವಿಷಯವನ್ನೂ ಕಲಿಸಬಾರದು. ಮಗು ಎಂಟನೆಯ ತರಗತಿ ಮುಗಿಸುವ ತನಕ ಬೇರೆ ಭಾಷೆಯನ್ನು ಭಾಷೆಯಾಗಿಯೂ ಕಲಿಸಬಾರದು. 1920ರ ಮೇ 25ರಂದು ಹ್ಯಾಂಪ್ಟನ್ ಊರಿನ ಬಳಿಯ ಜಿಯಾನ್ ಎಂಬ ಲೂಥರನ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕ, ರೇಮಂಡ್ ಪಾರ್ಪಾರ್ಟ್ ಎಂಬ ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದುವುದನ್ನು ಕಲಿಸುತ್ತಿದ್ದ. ಮಧ್ಯಾಹ್ನದ ವಿರಾಮದ ಹೊತ್ತು ಅದು; ವಿರಾಮವಾದ್ದರಿಂದ ಶಾಲೆಯ ಪಾಠವಲ್ಲ ಎಂಬುದು ಅವರ ಉಪಾಯ. ಕೌಂಟಿಯ ಸರ್ಕಾರಿ ವಕೀಲ ತರಗತಿಯ ಒಳಗೇ ಬಂದು ನೋಡಿದ. ಶಿಕ್ಷಕನಿಗೆ 25 ಡಾಲರು ದಂಡ ಬಿತ್ತು.

ಮೇಯರ್ ದಂಡ ಕಟ್ಟಿ ಸುಮ್ಮನಾಗಲಿಲ್ಲ. ನೆಬ್ರಾಸ್ಕದ ಸುಪ್ರೀಂ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಪ್ರಾಚೀನ ಭಾಷೆಗಳಿಗೆ ಈ ನಿಷೇಧ ತಗಲುವುದಿಲ್ಲ, ಬಳಕೆಯಲ್ಲಿರುವ ಪರಭಾಷೆಗಳಿಗಷ್ಟೇ ತಗಲುತ್ತದೆ ಎಂಬ ಅರ್ಥವಿವರಣೆಯನ್ನೂ ಕೊಟ್ಟಿತ್ತು. ಸತ್ತ ಭಾಷೆಗೆ ಅನುಮತಿ, ತಾಯಿ ಮನೆಯಲ್ಲಾಡುವ ಭಾಷೆಗೆ ದಂಡ! ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. 1923ರ ಜೂನ್ 4ರಂದು ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಮೇಯರನ ಪಕ್ಷಕ್ಕೆ ನಿಂತು ಕಾಯ್ದೆಯನ್ನು ರದ್ದುಗೊಳಿಸಿದರು.

ಈಗ ಹೇಳಿ, ಒಬ್ಬ ಹಳ್ಳಿ ಶಾಲೆಯ ಶಿಕ್ಷಕ ತರಗತಿಯಲ್ಲಿ ಪುಸ್ತಕ ಹಿಡಿದು ನಿಂತ ಈ ಪ್ರಸಂಗ, ಅಮೆರಿಕದ ಇತಿಹಾಸದ ವಿದ್ಯಾರ್ಥಿಗೆ ಬೋಸ್ಟನ್ನಿನ ಚಹಾ ಪೆಟ್ಟಿಗೆಗಳಿಗಿಂತ ಕಡಿಮೆಯದೇ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲೇಜಿನಲ್ಲಿ ಇದನ್ನೇ ಪ್ರಾಜೆಕ್ಟಿಗೆ ಕೇಳಿದಳು. ಕಾಲೇಜಿನ ಹೆಸರು ಬೇಡ. ‘ಪೋರ್ಷನ್ನಿನಲ್ಲಿ ಇಲ್ಲ, ಪಟ್ಟಿಯಿಂದ ಆರಿಸಿಕೋ’ ಎಂಬ ಉತ್ತರ ಬಂತು. ಅವಳು ಲಿಂಕನ್ನನ ಸಾಧನೆಗಳನ್ನು ಬರೆದು ಕೊಟ್ಟಳು. ಪೂರ್ತಿ ಅಂಕ ಬಂದಿತಂತೆ.

ಮೇಯರನ ಪ್ರಕರಣದ ಮೇಲೆ ಅಸೈನ್‌ಮೆಂಟು ಕೊಡುವುದೆಂದರೆ ‘ಮೇಯರ್ ಪ್ರಕರಣವನ್ನು ವಿವರಿಸಿ’ ಎಂದು ಬರೆಯುವುದಲ್ಲ. ಹಾಗೆ ಮಾಡಿದರೆ ಗೈಡಿನವರು ಮುಂದಿನ ವರ್ಷ ಅದನ್ನೂ ಸೇರಿಸುತ್ತಾರೆ. ತೀರ್ಪು ಕೆಲವೇ ಪುಟಗಳದು. ಅಮೆರಿಕದ ಕೋರ್ಟಿನ ತೀರ್ಪುಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ, ಲೈಬ್ರರಿ ಆಫ್ ಕಾಂಗ್ರೆಸ್ಸಿನ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಸೆಮಿಸ್ಟರಿನ ಮೊದಲ ವಾರದಲ್ಲೇ ಅದರ ಪ್ರತಿಯನ್ನು ಮಕ್ಕಳ ಕೈಗೆ ಕೊಡಬೇಕು. ನಾಲ್ಕನೆಯ ವಾರಕ್ಕೆ ಒಂದೇ ಪುಟ: ಯಾರು, ಯಾವಾಗ, ಯಾವ ಕಾಯ್ದೆ, ಏನು ದಂಡ. ಅದಕ್ಕೆ ಅಂಕ. ಎಂಟನೆಯ ವಾರಕ್ಕೆ ಎದುರು ಪಕ್ಷದ ವಾದ. ಇದನ್ನು ಬಿಡಲೇಬಾರದು. ಏಕೆಂದರೆ ಈ ಪ್ರಕರಣಗಳಲ್ಲಿ ಭಿನ್ನಮತ ಬರೆದವರು ಯಾರೋ ಮತಾಂಧರಲ್ಲ, ಉದಾರವಾದಿ ಎಂದು ಹೆಸರಾದ ನ್ಯಾಯಮೂರ್ತಿ ಹೋಮ್ಸ್. ದೇಶದ ಎಲ್ಲರೂ ಒಂದು ಸಮಾನ ಭಾಷೆ ಮಾತಾಡಬೇಕೆಂಬ ಗುರಿಗಾಗಿ ರಾಜ್ಯವೊಂದು ಇಂಥ ಪ್ರಯೋಗ ಮಾಡುವುದಾದರೆ ಅದನ್ನು ಕೋರ್ಟು ತಡೆಯಬೇಕೇ ಎಂಬುದು ಅವರ ಸಂದೇಹ. ಇತ್ತ ಬಹುಮತದ ತೀರ್ಪು ಬರೆದ ಮೆಕ್‌ರೆನಾಲ್ಡ್ಸ್ ಯಹೂದ್ಯರನ್ನೂ ಕಪ್ಪು ಜನರನ್ನೂ ಸಹಿಸದ ಮನುಷ್ಯ. ಒಳ್ಳೆಯವರೆಲ್ಲ ನಮ್ಮ ಕಡೆ, ಕೆಟ್ಟವರೆಲ್ಲ ಆಚೆ ಕಡೆ ಎಂದು ಕಲಿತ ಹುಡುಗನಿಗೆ ಇದೊಂದು ಆಘಾತ. ಆಗಲಿ.

ಹನ್ನೆರಡನೆಯ ವಾರಕ್ಕೆ ಉಳಿದ ಪ್ರಶ್ನೆ ನಮಗೆಲ್ಲ ಕಹಿಯಾದುದು. ಮೇಯರ್ ಗೆದ್ದ. ಆದರೂ ಆ ಊರುಗಳ ಜರ್ಮನ್ ಶಾಲೆಗಳು ಏಕೆ ಉಳಿಯಲಿಲ್ಲ? ಒಂದು ತಲೆಮಾರು ಕಳೆಯುವುದರೊಳಗೆ ಅವುಗಳಲ್ಲಿ ಬಹುತೇಕ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದ್ದವು, ಚರ್ಚಿನ ಪ್ರವಚನ ಕೂಡ ಇಂಗ್ಲಿಷಾಗಿತ್ತು. ಕೋರ್ಟು ಬಾಗಿಲು ತೆರೆದಿಟ್ಟಿತು, ಒಳಗೆ ಬರುವ ಮಕ್ಕಳಿರಲಿಲ್ಲ. ಯುದ್ಧಕಾಲದ ಹೆದರಿಕೆ ಎಷ್ಟು ಕಾರಣ, ನೌಕರಿಯ ಚಿಂತೆ ಎಷ್ಟು, ಹೆತ್ತವರ ನಾಚಿಕೆ ಎಷ್ಟು? ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿಗದು. ಮಗನನ್ನು ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿಸಿ ಬಂದು ಕನ್ನಡ ಶಾಲೆ ಉಳಿಸುವ ಸಭೆಯಲ್ಲಿ ಅಧ್ಯಕ್ಷತೆ ವಹಿಸುವ ನಮ್ಮ ಮಹನೀಯರೂ ಇದನ್ನೊಮ್ಮೆ ಬರೆದು ನೋಡಬಹುದು.

ಇದೊಂದೇ ವಿಷಯವಲ್ಲ, ಬೇಕಾದಷ್ಟಿವೆ. 1889ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬೆನೆಟ್ ಕಾಯ್ದೆ ತಂದು ಓದು, ಬರಹ, ಲೆಕ್ಕ, ದೇಶದ ಇತಿಹಾಸ ಇವನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂದಿತು. ಒಬ್ಬರ ಮುಖ ಒಬ್ಬರು ನೋಡದ ಲೂಥರನ್ನರೂ ಕ್ಯಾಥೊಲಿಕ್ಕರೂ ಒಂದಾದರು. 1890ರ ಚುನಾವಣೆಯಲ್ಲಿ ಗವರ್ನರ್ ವಿಲಿಯಂ ಹೋರ್ಡ್ ಸೋತ, 1891ರಲ್ಲಿ ಕಾಯ್ದೆ ರದ್ದಾಯಿತು. ಕೋರ್ಟಿಗೆ ಹೋಗದೆ ಮತಪೆಟ್ಟಿಗೆಯಿಂದ ಗೆದ್ದವರ ಕಥೆ ಇದು. (ಒಂದೇ ತಾಲೂಕಿನಲ್ಲಿ ಮೂರು ಸಂಘ ಕಟ್ಟಿಕೊಂಡು ಮೂರು ಮನವಿ ಕೊಡುವ ನಾವು ಓದಬೇಕಾದ ಕಥೆ.) ಆ ಕಾಲದ ಪತ್ರಿಕೆಗಳ ಎಷ್ಟೋ ಪುಟಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿ ತೆರೆದಿವೆ. ಚುನಾವಣೆಯ ಒಂದು ತಿಂಗಳ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಹೋಲಿಸಿ ನೋಡಿದರೆ ಒಂದು ಪ್ರಾಜೆಕ್ಟು.

ದಂತಕಥೆ ಹುಟ್ಟುವ ಬಗೆಯನ್ನು ಕಲಿಸಬೇಕಾದರೆ 1795ರ ಪ್ರಸಂಗವಿದೆ. ಒಂದೇ ಒಂದು ಮತದಿಂದ ಜರ್ಮನ್ ಭಾಷೆ ಅಮೆರಿಕದ ರಾಷ್ಟ್ರಭಾಷೆಯಾಗುವುದು ತಪ್ಪಿತೆಂದು ನಮ್ಮ ಭಾಷಣಕಾರರೂ ಹೇಳುವುದುಂಟು. ನಡೆದದ್ದು ಅಷ್ಟಲ್ಲ. ಕಾಯ್ದೆಗಳನ್ನು ಜರ್ಮನ್ನಿನಲ್ಲಿಯೂ ಮುದ್ರಿಸಿ ಎಂದು ವರ್ಜೀನಿಯದ ಜರ್ಮನರು ಕೊಟ್ಟಿದ್ದ ಅರ್ಜಿಯ ಚರ್ಚೆಯನ್ನು ಮುಂದೂಡುವ ಸೂಚನೆ 41ಕ್ಕೆ 42 ಮತಗಳಿಂದ ಬಿದ್ದುಹೋಯಿತು, ಅಷ್ಟೇ. ಅದರಿಂದ ಇಷ್ಟು ದೊಡ್ಡ ಕಥೆ ಬೆಳೆದದ್ದು ಹೇಗೆ ಎಂದು ಹುಡುಕಲಿ. ನಮ್ಮ ವೇದಿಕೆಯ ಮಾತುಗಳನ್ನೂ ಮಕ್ಕಳು ಹಾಗೆಯೇ ಪರೀಕ್ಷಿಸುವಂತಾದರೆ ಒಳ್ಳೆಯದೇ.

ಗಡಿಯ ವಿಷಯ ಬೇಕೇ? 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೋದ ದೊಡ್ಡ ಭಾಗ ಅಮೆರಿಕಕ್ಕೆ ಸೇರಿತು. ಅಲ್ಲಿನ ಸ್ಪ್ಯಾನಿಷ್ ಮಾತಿನ ಜನ ಮನೆ ಬಿಟ್ಟು ಕದಲಿರಲಿಲ್ಲ, ಕದಲಿದ್ದು ಗಡಿ. 1849ರ ಕ್ಯಾಲಿಫೋರ್ನಿಯ ಸಂವಿಧಾನ ಎಲ್ಲ ಕಾಯ್ದೆಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸಬೇಕೆಂದಿತು. 1879ರ ಸಂವಿಧಾನ ಬಂದಾಗ ಆ ಮಾತು ಮಾಯವಾಗಿ ಇಂಗ್ಲಿಷ್ ಮಾತ್ರ ಉಳಿಯಿತು. ಮೂವತ್ತೇ ವರ್ಷ. ಆದರೆ 1912ರಲ್ಲಿ ರಾಜ್ಯವಾದ ನ್ಯೂ ಮೆಕ್ಸಿಕೋ, ಸ್ಪ್ಯಾನಿಷ್ ಮಕ್ಕಳಿಗೆ ಕಲಿಸಲು ಎರಡೂ ಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಬೇಕೆಂದು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಒಂದೇ ಒಪ್ಪಂದದ ಅಡಿ ಬಂದ ಎರಡು ನಾಡುಗಳಲ್ಲಿ ಈ ವ್ಯತ್ಯಾಸ ಏಕೆ? ಜನಸಂಖ್ಯೆಯೇ, ಚಿನ್ನದ ಗಣಿಗೆ ಬಂದವರ ನೂಕುನುಗ್ಗಲೇ, ಶಾಸನಸಭೆಯಲ್ಲಿ ಕುಳಿತವರು ಯಾರೆಂಬುದೇ? 1956ರ ನವೆಂಬರ್ 1ರಂದು ಮಲಗಿದ್ದ ಜಾಗದಲ್ಲೇ ಬೇರೆ ರಾಜ್ಯದವರಾಗಿ ಎದ್ದ ಹಿರಿಯರ ಮೊಮ್ಮಕ್ಕಳಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವ್ಯತ್ಯಾಸವನ್ನೂ ಬರೆಸಬೇಕು. ಅಲ್ಲಿ ಗಡಿ ಕದಲಿದ್ದು ಯುದ್ಧದಿಂದ, ಇಲ್ಲಿ ಸಂಸತ್ತಿನ ಕಾಯ್ದೆಯಿಂದ.

ಕಾರ್ಲೈಲ್ ಶಾಲೆಯನ್ನು ಮಾತ್ರ ಹಗುರವಾಗಿ ಮುಟ್ಟಬಾರದು. 1879ರಲ್ಲಿ ಪೆನ್ಸಿಲ್ವೇನಿಯದ ಹಳೆಯ ಸೈನಿಕ ವಸತಿಯಲ್ಲಿ ತೆರೆದ ಈ ಶಾಲೆಗೆ ಮೂಲನಿವಾಸಿಗಳ ಮಕ್ಕಳನ್ನು ದೂರದೂರದಿಂದ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ನಿಷೇಧಿಸಿದರು. ಇಂಥ ನೂರಾರು ವಸತಿಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರೆಂದು ಅಮೆರಿಕದ ಗೃಹಾಂಗಣ ಇಲಾಖೆಯೇ 2024ರ ವರದಿಯಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಕ್ಷಮೆ ಕೇಳಿದರು. ಟಾಮ್ ಟೊರ್ಲಿನೊ ಎಂಬ ನವಾಹೊ ಯುವಕನ ಎರಡು ಫೋಟೊಗಳಿವೆ, ಶಾಲೆಗೆ ಬಂದಾಗಿನದು ಒಂದು, ಮೂರು ವರ್ಷದ ನಂತರದ್ದು ಒಂದು. ಡಿಕಿನ್ಸನ್ ಕಾಲೇಜಿನವರು ಕಾರ್ಲೈಲ್ ದಾಖಲೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆ ಎರಡು ಚಿತ್ರಗಳನ್ನು ತೆಗೆಸಿದವರು ಯಾರು, ಯಾರಿಗೆ ತೋರಿಸಲು ಎಂಬುದಷ್ಟೇ ಸಾಕು, ಒಂದು ಅಸೈನ್‌ಮೆಂಟಿಗೆ. ಇದೇ ನವಾಹೊ ಭಾಷೆಯನ್ನು 1942ರಿಂದ ಅಮೆರಿಕದ ನೌಕಾ ಪದಾತಿ ದಳ ಜಪಾನಿನ ವಿರುದ್ಧ ಗುಪ್ತ ಸಂದೇಶಕ್ಕೆ ಬಳಸಿತು ಎಂಬುದು ಅದರ ಮುಂದಿನ ಭಾಗ. ನಮ್ಮ ಕಷ್ಟವನ್ನು ಆ ಮಕ್ಕಳ ಕಷ್ಟದ ಪಕ್ಕ ಇಟ್ಟು ಸಮ ಎಂದು ಬರೆಯುವ ವಿದ್ಯಾರ್ಥಿಗೆ ನಾನಾದರೆ ಅಂಕ ಕಳೆಯುತ್ತೇನೆ.

ಹವಾಯಿಯ ಜಪಾನಿ ಶಾಲೆಗಳು 1927ರಲ್ಲಿ ಗೆದ್ದ ಮೊಕದ್ದಮೆ, ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು 1,800 ಚೀನೀ ಮಕ್ಕಳ ಪರವಾಗಿ 1974ರಲ್ಲಿ ಬಂದ ಲಾವ್ ತೀರ್ಪು, 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಮತದಿಂದ ಅದುಮಿದ ಕ್ಯಾಲಿಫೋರ್ನಿಯ 2016ರಲ್ಲಿ ಮತದಿಂದಲೇ ಅದನ್ನು ಮರಳಿಸಿದ್ದು, 2025ರ ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದ್ದು, ಇವೆಲ್ಲ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದರಂತೆ ಹಂಚಬಹುದಾದಷ್ಟು ಇವೆ.

ಇದು ಭಾಷಾ ರಾಜಕೀಯ, ಕ್ಲಾಸಿಗೆ ತರಬೇಡಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಬೋಸ್ಟನ್ನಿನಲ್ಲಿ ಚಹಾ ಸಮುದ್ರಕ್ಕೆ ಸುರಿದದ್ದು ಯಾವ ಕಾಯಕ, ಪೂಜೆಯೇ? ಪಕ್ಷಪಾತದ ಭಯವಿದ್ದರೆ ಅದಕ್ಕೆ ಮದ್ದು ಯೋಜನೆಯಲ್ಲೇ ಇದೆ. ಕೇರಳದ 2017ರ ಮಲಯಾಳಂ ಕಾಯ್ದೆ, ತಮಿಳುನಾಡಿನ 2006ರದ್ದು, ತೆಲಂಗಾಣದ 2018ರದ್ದು, ಮಹಾರಾಷ್ಟ್ರದ 2020ರದ್ದು, ಇವುಗಳಲ್ಲಿ ಒಂದನ್ನು ನೆಬ್ರಾಸ್ಕದ ಕಾಯ್ದೆಯ ಪಕ್ಕ ಇಟ್ಟು ಓದಲಿ. ನೆಬ್ರಾಸ್ಕ ಒಂದು ಭಾಷೆಯನ್ನು ನಿಷೇಧಿಸಿತು; ಇವು ರಾಜ್ಯದ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕೆಂದವು. ಎರಡೂ ಒಂದೇ ಎನ್ನುವುದು ಸುಳ್ಳು. ಕಡ್ಡಾಯದ ಭಾರ ಕನ್ನಡದ ಪೀರಿಯಡ್ಡಿನ ಮೇಲೆ, ಶಿಕ್ಷಕರ ನೇಮಕದ ಮೇಲೆ ಎಷ್ಟು ಬಿತ್ತೆಂದು ತನ್ನ ಶಾಲೆಯ ವೇಳಾಪಟ್ಟಿ ನೋಡಿ ವಿದ್ಯಾರ್ಥಿ ಲೆಕ್ಕ ಹಾಕಲಿ. ಅಮೆರಿಕದ ಸಂವಿಧಾನದಲ್ಲಿ ನಮ್ಮ 29, 30ನೆಯ ವಿಧಿಗಳಂಥವು ಇಲ್ಲ, 1956ರಲ್ಲಿ ಸೇರಿದ 350ಎ ಅಂಥದ್ದೂ ಇಲ್ಲ. ಮೇಯರ್ ಗೆದ್ದದ್ದು ಶಿಕ್ಷಕನ ವೃತ್ತಿಸ್ವಾತಂತ್ರ್ಯ ಮತ್ತು ಹೆತ್ತವರ ಸ್ವಾತಂತ್ರ್ಯದ ಹೆಸರಿನಲ್ಲಿ. ಬರೆದಿಟ್ಟ ಹಕ್ಕಿಲ್ಲದವರು ಅಷ್ಟು ದೂರ ಹೋದರು. ಬರೆದಿಟ್ಟ ಹಕ್ಕಿದ್ದ ನಾವು ಎಷ್ಟು ದೂರ ಬಂದಿದ್ದೇವೆ?

ಇನ್ನು ಬರೆಯುವ ಭಾಷೆಯ ಮಾತು. ತೀರ್ಪುಗಳು ಇಂಗ್ಲಿಷಿನಲ್ಲಿವೆ, ನಮ್ಮ ಮಕ್ಕಳ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದ್ದರಿಂದ ಗೈಡೇ ಗತಿ ಎನ್ನುವವರಿದ್ದಾರೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯಲು ಬಿಡಿ. ನಕಲು ಮಾಡಲು ಆಗುವುದಿಲ್ಲ, ಅರ್ಥವಾಗದೆ ಒಂದು ವಾಕ್ಯವೂ ಮುಂದೆ ಹೋಗುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ಯು.ಜಿ.ಸಿ. 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತ್ತು. ಮಂಜೇಶ್ವರದಲ್ಲಿ ಸ್ಥಳೀಯ ಭಾಷೆ ಯಾವುದು, ತಾಳವಾಡಿಯಲ್ಲಿ ಯಾವುದು, ಅಕ್ಕಲಕೋಟೆಯಲ್ಲಿ ಯಾವುದು? ರಾಜಧಾನಿಯಲ್ಲಿ ಕುಳಿತವರು ಇದಕ್ಕೆ ರಾಜ್ಯಭಾಷೆಯೆಂದೇ ಉತ್ತರ ಬರೆಯುವ ಮೊದಲು ನಮ್ಮ ಸಂಘಗಳು ಆಯಾ ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ಕೇಳಬೇಕು. ಕನ್ನಡ ಓದಬಲ್ಲ ಮೌಲ್ಯಮಾಪಕರಿಲ್ಲ ಎನ್ನುತ್ತಾರೆ. ಆ ಕಾಲೇಜಿನಲ್ಲೇ ಕನ್ನಡ ವಿಭಾಗವಿದ್ದರೆ ಅಲ್ಲಿನವರು ಇತಿಹಾಸದ ಅಧ್ಯಾಪಕರ ಜೊತೆ ಕುಳಿತು ಹತ್ತು ಪ್ರಾಜೆಕ್ಟು ಓದಲಾರರೇ? ವಿಭಾಗವಿಲ್ಲದ ಕಡೆ ಮೌಖಿಕ ಪರೀಕ್ಷೆ ಮಾಡಲಿ.

ಕಾಲೇಜಿನ ಅಧ್ಯಾಪಕ ಮಿತ್ರರು ಇಷ್ಟನ್ನು ಮಾಡಬಲ್ಲರು. ಹೈಸ್ಕೂಲಿನ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಮೇಯರ್ ತೀರ್ಪನ್ನು ಕನ್ನಡಕ್ಕೆ ತರುವುದು ಬೇಸಗೆ ರಜೆಯ ಒಂದು ವಾರದ ಕೆಲಸ. ನಾನು ಅರ್ಧ ಮುಗಿಸಿದ್ದೇನೆ. ಬೆನೆಟ್ ಕಾಯ್ದೆಯ ಪಠ್ಯ, ನ್ಯೂ ಮೆಕ್ಸಿಕೋ ಸಂವಿಧಾನದ ಆ ವಿಧಿ, ಲಾವ್ ತೀರ್ಪು, ಇವು ಉಳಿದಿವೆ. ಸೊಲ್ಲಾಪುರದ ಕಡೆಯವರು ಒಂದನ್ನು, ಹೊಸೂರಿನವರು ಒಂದನ್ನು, ಆದೋನಿ ರಾಯದುರ್ಗದ ಕಡೆಯವರು ಇನ್ನೊಂದನ್ನು ಹೊತ್ತರೆ ಜೂನಿನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ನಾಲ್ಕೂ ಸಿದ್ಧವಾಗುತ್ತವೆ. ಯಾರು ಯಾವುದನ್ನು ತೆಗೆದುಕೊಳ್ಳುತ್ತೀರೆಂದು ಸಂಪಾದಕರಿಗೆ ಒಂದು ಕಾರ್ಡು ಬರೆದು ತಿಳಿಸಿ. ಒಂದನ್ನೇ ಇಬ್ಬರು ಮಾಡುವುದು ಬೇಡ.